ಮನೆಮಾತು ಕನ್ನಡ ಅಂತ ಬರೆದಿದ್ದಕ್ಕೆ

"ಕನ್ನಡ ಅಂತ ಮಾತ್ರ ಬರೀಬೇಡ ಕಣೇ. ಎಲ್ಲದಕ್ಕೂ ಇಂಗ್ಲಿಷ್ ಅಂತ ತುಂಬಿಬಿಡು. ಇಲ್ಲಾಂದ್ರೆ ಆಮೇಲೆ ಒದ್ದಾಡ್ತೀಯ."

2021ರ ಆಗಸ್ಟ್. ನಾವು ಕ್ಯಾಲಿಫೋರ್ನಿಯಾಕ್ಕೆ ಬಂದು ಮೂರು ವಾರ ಆಗಿತ್ತು. ಅಡುಗೆಮನೆ ಕಟ್ಟೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮಕ್ಕಳ ಶಾಲೆ ಅರ್ಜಿ ತುಂಬುತ್ತಿದ್ದೆ. ಮಗಳು ಆರನೇ ಕ್ಲಾಸು, ಮಗ ಕಿಂಡರ್‌ಗಾರ್ಟನ್. ಸ್ಪೀಕರ್‌ನಲ್ಲಿ ನನ್ನ ಗೆಳತಿ. ಹತ್ತು ವರ್ಷದಿಂದ ಇಲ್ಲೇ ಬೇ ಏರಿಯಾದಲ್ಲಿ ಇರುವವಳು. ಯಾವ ಅಂಗಡಿಯಲ್ಲಿ ಏನು ಸಿಗುತ್ತೆ ಅನ್ನೋದರಿಂದ ಹಿಡಿದು ಯಾವ ಅರ್ಜಿಯಲ್ಲಿ ಏನು ಬರೀಬೇಕು ಅನ್ನೋದರ ತನಕ ನನಗೆ ಅವಳೇ ಗುರು.

ಪರದೆ ಮೇಲೆ ಇದ್ದಿದ್ದು 'ಹೋಮ್ ಲ್ಯಾಂಗ್ವೇಜ್ ಸರ್ವೇ'. ನಾಲ್ಕೇ ಪ್ರಶ್ನೆ. ಮಗು ಮೊದಲು ಮಾತು ಕಲಿತಾಗ ಆಡಿದ್ದು ಯಾವ ಭಾಷೆ? ಈಗ ಮನೆಯಲ್ಲಿ ಜಾಸ್ತಿ ಆಡೋದು ಯಾವುದು? ನೀವು ಮಗುವಿನ ಜೊತೆ ಜಾಸ್ತಿ ಯಾವುದರಲ್ಲಿ ಮಾತಾಡುತ್ತೀರಿ? ಮನೆಯ ದೊಡ್ಡವರು ಮಾತಾಡೋದು ಯಾವುದು?

ಪಕ್ಕದಲ್ಲಿ ಅತ್ತೆ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದರು. ಪ್ರಶ್ನೆ ಏನು ಅಂತ ಕೇಳಿದರು, ಹೇಳಿದೆ. "ಅದರಲ್ಲಿ ಯೋಚನೆ ಮಾಡೋಕೆ ಏನಿದೆಯಮ್ಮಾ, ಕನ್ನಡ ಅಂತ ಹಾಕು" ಅಂದರು.

ಹಾಕಿದೆ. ನಾಲ್ಕು ಪ್ರಶ್ನೆ, ಎರಡು ಮಕ್ಕಳು, ಎಂಟು ಸಲ ಕನ್ನಡ. ಫೋನಿನ ಆ ಕಡೆಯಿಂದ ಗೆಳತಿ "ಸರಿ, ನಿನ್ನಿಷ್ಟ" ಅಂದಳು. ಆ 'ನಿನ್ನಿಷ್ಟ'ದ ಅರ್ಥ ಎಲ್ಲ ಹೆಂಗಸರಿಗೂ ಗೊತ್ತು.

ಅವಳ ಭಯ ಸುಮ್ಮನೆ ಹುಟ್ಟಿದ್ದಲ್ಲ. ಇಲ್ಲಿನ ನಿಯಮ ಹೀಗಿದೆ. ಮೊದಲ ಮೂರು ಪ್ರಶ್ನೆಗಳಲ್ಲಿ ಯಾವುದೇ ಒಂದಕ್ಕೆ ಇಂಗ್ಲಿಷ್ ಅಲ್ಲದ ಭಾಷೆ ಬರೆದರೂ ಸಾಕು, ಮಗುವಿಗೆ 'ಎಲ್‌ಪ್ಯಾಕ್' ಅನ್ನುವ ಇಂಗ್ಲಿಷ್ ಪರೀಕ್ಷೆ ಇಡುತ್ತಾರೆ. ಶಾಲೆಗೆ ಸೇರಿದ 30 ದಿನದ ಒಳಗೆ ಇಡಬೇಕು. ಅದರಲ್ಲಿ ಪಾಸಾದರೆ ಬಚಾವ್. ಇಲ್ಲದಿದ್ದರೆ ಮಗು 'ಇಂಗ್ಲಿಷ್ ಲರ್ನರ್' ಪಟ್ಟಿಗೆ ಸೇರುತ್ತದೆ. ಆಮೇಲೆ ಪ್ರತಿ ವರ್ಷ ಫೆಬ್ರವರಿಯಿಂದ ಮೇ ತಿಂಗಳ ಒಳಗೆ ಮತ್ತೆ ಪರೀಕ್ಷೆ. ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು, ನಾಲ್ಕೂ. ಹೊರಗೆ ಬರುವ ತನಕ ಬಿಡುವುದಿಲ್ಲ. ಮಿಡ್ಲ್ ಸ್ಕೂಲ್ ಮುಟ್ಟುವ ಹೊತ್ತಿಗೂ ಪಟ್ಟಿಯಲ್ಲೇ ಉಳಿದರೆ ಸಂಗೀತ, ಚಿತ್ರಕಲೆ ಅಂತ ಆಯ್ಕೆ ಮಾಡಿಕೊಳ್ಳುವ ಪಿರಿಯಡ್‌ಗೆ ಕತ್ತರಿ ಬೀಳುವುದೂ ಉಂಟು. ಇದನ್ನೆಲ್ಲ ನೋಡಿದವಳು ಅವಳು. ಅದಕ್ಕೇ ಸುಳ್ಳು ಹೇಳು ಅಂದಿದ್ದು.

ಮಗಳ ಕಥೆ ಬೇಗ ಮುಗಿಯಿತು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ ಓದಿದವಳು. ನನಗೆ ಇಂಗ್ಲಿಷ್ ಬರುತ್ತಾ ಅಂತ ಇವರು ಪರೀಕ್ಷೆ ಮಾಡುವುದಾ ಅಂತ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರ್ ಮುಂದೆ ಕೂತು ಬರೆದು ಬಂದಳು. 'ಮೊದಲಿಂದಲೇ ಇಂಗ್ಲಿಷ್ ಚೆನ್ನಾಗಿ ಬಲ್ಲವಳು' ಅಂತ ಷರಾ ಬಂತು. ಅಲ್ಲಿಗೆ ಮುಗೀತು. ಮತ್ತೆ ಯಾರೂ ಅವಳನ್ನು ಕರೆಯಲಿಲ್ಲ. ಗೆಳತಿ ಹೆದರಿಸಿದ ಅರ್ಧ ಭಾಗ ಇಲ್ಲೇ ಕರಗಿತು. ಕನ್ನಡ ಅಂತ ಬರೆದರೆ ಪರೀಕ್ಷೆ ಬರುತ್ತೆ, ಆದರೆ ಹಣೆಪಟ್ಟಿ ಬಂದೇ ಬರುತ್ತೆ ಅಂತಿಲ್ಲ.

ಮಗನದು ಬೇರೆಯೇ. ಕೋವಿಡ್ ದೆಸೆಯಿಂದ ಅವನು ನರ್ಸರಿ ಮುಖವನ್ನೇ ನೋಡಿರಲಿಲ್ಲ. ಒಂದೂವರೆ ವರ್ಷ ಮನೆಯಲ್ಲೇ ಅಜ್ಜಿ ಜೊತೆ ಬೆಳೆದವನು. ಎಬಿಸಿಡಿ, ಬಣ್ಣಗಳು, ಹತ್ತರ ತನಕ ಎಣಿಕೆ, 'ಥ್ಯಾಂಕ್ಯೂ ಆಂಟಿ'. ಇಷ್ಟು ಅವನ ಇಂಗ್ಲಿಷ್ ಆಸ್ತಿ. ಕಿಂಡರ್‌ಗಾರ್ಟನ್ ಮಕ್ಕಳಿಗೆ ಕಂಪ್ಯೂಟರ್ ಮುಂದೆ ಒಂಟಿಯಾಗಿ ಕೂರಿಸುವುದಿಲ್ಲ. ಒಬ್ಬರು ಎದುರು ಕೂತು ಒಬ್ಬೊಬ್ಬರನ್ನೇ ಕೇಳುತ್ತಾರೆ. ಅವತ್ತು ಸಂಜೆ ಕಾರಿನಲ್ಲಿ ಕೇಳಿದೆ.

"ಏನು ಕೇಳಿದ್ರೋ?"

"ಚಿತ್ರ ತೋರಿಸಿದ್ರು."

"ನೀನು ಏನು ಹೇಳ್ದೆ?"

"ಏನೂ ಇಲ್ಲ."

"ಯಾಕೋ ಪುಟ್ಟಾ?"

"ನಂಗೆ ಆ ಆಂಟಿ ಗೊತ್ತೇ ಇಲ್ವಲ್ಲಾ."

ಈ ಪರೀಕ್ಷೆಯ ದೊಡ್ಡ ಹುಳುಕು ಇದೇ ಅಂತ ನನಗೆ ಈಗಲೂ ಅನಿಸುತ್ತದೆ. ಐದು ವರ್ಷದ ಮಗು ಸುಮ್ಮನೆ ಕೂತರೆ ಅದು ಭಾಷೆ ಬಾರದ ಮೌನವೋ, ನಾಚಿಕೆಯ ಮೌನವೋ ಅಂತ ಹಾಳೆಗೆ ಗೊತ್ತಾಗುವುದಿಲ್ಲ. ಕ್ಯಾಲಿಫೋರ್ನಿಯಾದವರಿಗೇ ಇದು ಅರ್ಥವಾಗಿರಬೇಕು. ಕಿಂಡರ್‌ಗಾರ್ಟನ್‌ಗಿಂತ ಒಂದು ವರ್ಷ ಮುಂಚಿನ 'ಟಿಕೆ' ತರಗತಿಯ ನಾಲ್ಕು ವರ್ಷದ ಮಕ್ಕಳಿಗೂ ಇದೇ ಪರೀಕ್ಷೆ ಇಡುತ್ತಿದ್ದವರು, 2024ರಲ್ಲಿ ಕಾನೂನು ಬದಲಿಸಿ ಅವರನ್ನು ಬಿಟ್ಟುಬಿಟ್ಟರು. ನಮ್ಮವನ ವಿಷಯದಲ್ಲಿ ಮಾತ್ರ ಫಲಿತಾಂಶ ತಪ್ಪು ಅಂತ ನಾನು ಹೇಳಲಾರೆ. ಆ ಆಂಟಿ ಗೊತ್ತಿದ್ದಿದ್ದರೂ ಅವನು ಕನ್ನಡದಲ್ಲೇ ಮಾತಾಡುತ್ತಿದ್ದ.

ತಪ್ಪಾಗಿದ್ದು ಬೇರೆ ಕಡೆ. ನವೆಂಬರ್‌ನಲ್ಲಿ ಟೀಚರ್ ಜೊತೆ ಮೀಟಿಂಗ್ ಇತ್ತು. ಮಾತಿನ ಮಧ್ಯೆ ಅವರು "ಇಎಲ್‌ಡಿ ಗುಂಪಿನಲ್ಲಿ ಈಗ ಸ್ವಲ್ಪ ಬಾಯಿ ಬಿಡುತ್ತಿದ್ದಾನೆ" ಅಂದರು. ನಾನು "ಯಾವ ಗುಂಪು?" ಅಂತ ಕೇಳಿದೆ. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಎಲ್‌ಡಿ ಅಂದರೆ ಪಟ್ಟಿಯಲ್ಲಿರುವ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ವಿಶೇಷ ಪಾಠ. ಪರೀಕ್ಷೆಯ ಫಲಿತಾಂಶವಾಗಲಿ, ಪಟ್ಟಿಗೆ ಸೇರಿಸಿದ ವಿಷಯವಾಗಲಿ ನಮಗೆ ಬಂದೇ ಇರಲಿಲ್ಲ. ಆಫೀಸಿನಲ್ಲಿ ಹುಡುಕಿಸಿದರೆ, ಬಂದ ಹೊಸದರಲ್ಲಿ ಕಂಪನಿ ಕೊಟ್ಟಿದ್ದ ತಾತ್ಕಾಲಿಕ ಅಪಾರ್ಟ್‌ಮೆಂಟಿಗೆ ಪತ್ರ ಕಳಿಸಿದ್ದರು. ಹೊಸ ವಿಳಾಸ ಕೊಟ್ಟು ತಿಂಗಳ ಮೇಲಾಗಿತ್ತು. ಯಾರೂ ತಿದ್ದಿರಲಿಲ್ಲ.

ಆಫೀಸಿನವರು ಇನ್ನೊಂದು ಪ್ರತಿ ತೆಗೆದು ಕೈಗೆ ಕೊಟ್ಟು "ಸಾರಿ" ಅಂದರು. ನನ್ನದು ಎಚ್‌4 ವೀಸಾ, ಕೆಲಸಕ್ಕೆ ಬಂದವರ ಮನೆಯವರಿಗೆ ಕೊಡುವಂಥದ್ದು. ಕೆಲಸ ಮಾಡುವ ಹಾಗಿರಲಿಲ್ಲ, ಕೈಯಲ್ಲಿ ಹೊತ್ತು ಬೇಕಾದಷ್ಟಿತ್ತು. ಆ ಪತ್ರ ಹಿಡಿದುಕೊಂಡು ಲೈಬ್ರರಿಗೆ ಹೋದೆ. ಸಿಟ್ಟಿನಿಂದ ಶುರುವಾದ ಓದು. ಆಮೇಲೆ ಅದೇ ಒಂದು ಚಟ ಆಯಿತು.

ಮೊದಲು ತಿಳಿದಿದ್ದು ಪತ್ರದ ವಿಷಯ. ಅದು ಶಾಲೆಯ ಸೌಜನ್ಯವಲ್ಲ, ಕಾನೂನು. 2015ರ ಡಿಸೆಂಬರ್‌ನಲ್ಲಿ ಒಬಾಮಾ ಸಹಿ ಹಾಕಿದ 'ಎವ್ರಿ ಸ್ಟೂಡೆಂಟ್ ಸಕ್ಸೀಡ್ಸ್ ಆ್ಯಕ್ಟ್' ಪ್ರಕಾರ ಶಾಲೆ ವರ್ಷ ಶುರುವಾದ 30 ದಿನದೊಳಗೆ ತಂದೆತಾಯಿಗೆ ತಿಳಿಸಬೇಕು. ವರ್ಷದ ನಡುವೆ ಸೇರಿದ ಮಗುವಾದರೆ ಎರಡು ವಾರ. ಮಗುವನ್ನು ಯಾಕೆ ಪಟ್ಟಿಗೆ ಸೇರಿಸಿದ್ದೀರಿ, ಅದರ ಇಂಗ್ಲಿಷ್ ಯಾವ ಮಟ್ಟದಲ್ಲಿದೆ, ಹೇಗೆ ಕಲಿಸುತ್ತೀರಿ, ಹೊರಗೆ ಬರಲು ಏನೇನು ಆಗಬೇಕು, ಬೇಡ ಅನ್ನುವ ಹಕ್ಕು ನಮಗಿದೆಯೇ, ಎಲ್ಲವೂ ಅದರಲ್ಲಿರಬೇಕು. ನನಗೆ ಸಿಕ್ಕಿದ ಪ್ರತಿಯಲ್ಲಿ ಎಲ್ಲವೂ ಇತ್ತು. ಎರಡು ತಿಂಗಳು ತಡವಾಗಿ ಇತ್ತು.

ಆಮೇಲೆ ಸಿಕ್ಕಿದ್ದು ಲಾವ್ ಕೇಸು. ನಮ್ಮ ಮನೆಯಿಂದ ಕಾರಿನಲ್ಲಿ ಒಂದು ಗಂಟೆ ದೂರದ ಸ್ಯಾನ್ ಫ್ರಾನ್ಸಿಸ್ಕೊದ್ದೇ ಕಥೆ. 1970ರ ಸುಮಾರಿಗೆ ಅಲ್ಲಿನ ಶಾಲೆಗಳಲ್ಲಿ ಇಂಗ್ಲಿಷ್ ಬಾರದ ಚೀನೀ ಮಕ್ಕಳು 2,800ಕ್ಕೂ ಜಾಸ್ತಿ ಇದ್ದರು. ಅವರಲ್ಲಿ ಸುಮಾರು 1,800 ಮಕ್ಕಳಿಗೆ ಇಂಗ್ಲಿಷ್ ಕಲಿಯಲು ಯಾವ ಸಹಾಯವೂ ಇರಲಿಲ್ಲ. ಎಲ್ಲರಿಗೂ ಅದೇ ಪುಸ್ತಕ, ಅದೇ ಬೆಂಚು, ಅದೇ ಟೀಚರ್ ಕೊಟ್ಟಿದ್ದೇವಲ್ಲ, ಇನ್ನೇನು ಬೇಕು ಅನ್ನುವುದು ಶಾಲೆಯವರ ವಾದ. ಕಿನ್ನಿ ಲಾವ್ ಅನ್ನುವ ಪುಟ್ಟ ಹುಡುಗನ ಹೆಸರಿನಲ್ಲಿ ಕೇಸು ನಡೆಯಿತು. ಕೆಳಗಿನ ಎರಡು ಕೋರ್ಟ್‌ಗಳಲ್ಲಿ ಸೋಲು. 1974ರ ಜನವರಿ 21ರಂದು ಸುಪ್ರೀಂ ಕೋರ್ಟ್‌ನಲ್ಲಿ ಎಲ್ಲ ನ್ಯಾಯಮೂರ್ತಿಗಳೂ ಮಕ್ಕಳ ಪರ ನಿಂತರು. ಆಧಾರ 1964ರ ನಾಗರಿಕ ಹಕ್ಕು ಕಾಯ್ದೆ. ತೀರ್ಪು ಬರೆದ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಅವರ ಮಾತಿನ ತಿರುಳು ಇಷ್ಟೇ: ಭಾಷೆ ಅರ್ಥವಾಗದ ಮಗುವಿಗೆ ಎಲ್ಲರಿಗೂ ಕೊಟ್ಟ ಪುಸ್ತಕವನ್ನೇ ಕೊಟ್ಟರೆ ಅದು ಸಮಾನತೆ ಆಗುವುದಿಲ್ಲ.

ಇಷ್ಟಕ್ಕೇ ಪುಸ್ತಕ ಮುಚ್ಚಿದ್ದರೆ ಖುಷಿಯಾಗಿ ಮನೆಗೆ ಬರುತ್ತಿದ್ದೆ. ಮುಂದಿನ ಪುಟ ಓದಿದೆ. ನ್ಯಾಯಮೂರ್ತಿ ಹ್ಯಾರಿ ಬ್ಲ್ಯಾಕ್‌ಮನ್ ತೀರ್ಪಿಗೆ ಒಪ್ಪಿದ್ದರೂ ಬೇರೆಯಾಗಿ ಒಂದು ಟಿಪ್ಪಣಿ ಬರೆದಿದ್ದಾರೆ. ಇಲ್ಲಿ 1,800 ಮಕ್ಕಳಿದ್ದಾರೆ, ಅದಕ್ಕೆ ನನ್ನ ಒಪ್ಪಿಗೆ. ನಾಳೆ ಜರ್ಮನ್ನೋ ಪೋಲಿಶ್ಶೋ ಮಾತ್ರ ಆಡುವ ಒಂದೇ ಒಂದು ಮಗುವಿನ ಕೇಸು ಬಂದರೆ ಈ ತೀರ್ಪನ್ನು ಹಿಡಿದುಕೊಂಡು ಬರಬೇಡಿ, ನನಗೆ ಸಂಖ್ಯೆಯೇ ಮುಖ್ಯ. ಹೆಚ್ಚುಕಡಿಮೆ ಈ ಅರ್ಥ ಬರುವ ಹಾಗೆ.

ನಮ್ಮ ಶಾಲೆಯ ಕಿಂಡರ್‌ಗಾರ್ಟನ್‌ನಲ್ಲಿ ಕನ್ನಡ ಮಾತಾಡುವ ಮಕ್ಕಳು ಎಷ್ಟು ಅಂತ ಎಣಿಸಿದೆ. ಎಣಿಸಲು ಒಂದೇ ಬೆರಳು ಸಾಕಾಯಿತು.

ಈ ಸಂಖ್ಯೆಯ ಆಟ ಇಲ್ಲಿ ಎಲ್ಲ ಕಡೆ ಇದೆ. ಕ್ಯಾಲಿಫೋರ್ನಿಯಾದಲ್ಲಿ ಒಂದು ಶಾಲೆಯ ನೂರಕ್ಕೆ 15 ಮಕ್ಕಳ ಮನೆಮಾತು ಒಂದೇ ಆಗಿದ್ದರೆ ಶಾಲೆಯಿಂದ ಮನೆಗೆ ಹೋಗುವ ಪತ್ರಗಳೆಲ್ಲ ಆ ಭಾಷೆಯಲ್ಲೂ ಇರಬೇಕು. ನಮ್ಮಲ್ಲಿ ಸ್ಪ್ಯಾನಿಷ್‌ಗೂ ಮ್ಯಾಂಡರಿನ್‌ಗೂ ಆ ಭಾಗ್ಯವಿತ್ತು. ಕನ್ನಡ ಯಾವ ಕಾಲಕ್ಕೂ ನೂರಕ್ಕೆ 15 ಆಗುವುದಿಲ್ಲ ಬಿಡಿ. ಶಾಲೆಯಲ್ಲಿ ಇಂಗ್ಲಿಷ್ ಲರ್ನರ್ ಮಕ್ಕಳು 21 ಇದ್ದರೆ ಪೋಷಕರ ಸಲಹಾ ಸಮಿತಿ ಇರಬೇಕು, ಇಡೀ ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿ, ಅಂದರೆ ಒಂದೇ ಆಡಳಿತದ ಶಾಲೆಗಳಲ್ಲಿ ಒಟ್ಟು 51 ಇದ್ದರೆ ಅಲ್ಲೂ ಒಂದು ಸಮಿತಿ. ಎಲ್ಲ ಕಡೆ ಒಂದು ಗೆರೆ. ಕನ್ನಡದ ಲೆಕ್ಕದಲ್ಲಿ ನನ್ನ ಮಗ ಯಾವಾಗಲೂ ಗೆರೆಯ ಈಚೆ.

ಅದೇ ವರ್ಷ, 1974ರ ಆಗಸ್ಟ್‌ನಲ್ಲಿ, ಅಮೆರಿಕದ ಸಂಸತ್ತು ಇನ್ನೊಂದು ಕಾನೂನು ಮಾಡಿದೆ ಅನ್ನುವುದು ತಿಳಿದಾಗ ನಾನು ಲೈಬ್ರರಿಯಲ್ಲೇ ಸಣ್ಣಗೆ "ಹಾಂ" ಅಂದೆ. 'ಸಮಾನ ಶೈಕ್ಷಣಿಕ ಅವಕಾಶ ಕಾಯ್ದೆ'. ಭಾಷೆಯ ಅಡ್ಡಗೋಡೆ ದಾಟಲು ತಕ್ಕ ಕ್ರಮ ಕೈಗೊಳ್ಳದೆ ಯಾವುದೇ ವ್ಯಕ್ತಿಗೆ ಸಮಾನ ಅವಕಾಶ ತಪ್ಪಿಸುವ ಹಾಗಿಲ್ಲ ಅಂತ ಅದು ಹೇಳುತ್ತದೆ. ವ್ಯಕ್ತಿ. ಗುಂಪು ಅಂತಿಲ್ಲ, ಇಷ್ಟು ಮಕ್ಕಳು ಅಂತಿಲ್ಲ. ಒಂದೇ ಮಗು ಇದ್ದರೂ ಅದು ವ್ಯಕ್ತಿ ತಾನೆ? ಪೋಷಕರು ನೇರವಾಗಿ ಕೋರ್ಟ್‌ಗೂ ಹೋಗಬಹುದು. ನಾನು ಹೋಗಲಿಲ್ಲ, ಆ ಮಾತು ಬೇರೆ. ಆದರೆ ಈ ಒಂದು ವಾಕ್ಯ ಗೊತ್ತಾದ ಮೇಲೆ ಶಾಲೆಯ ಆಫೀಸಿನಲ್ಲಿ ನಾನು ನಿಲ್ಲುವ ರೀತಿಯೇ ಬದಲಾಯಿತು.

ಮೊದಲ ಉಪಯೋಗ ಅವರೆಕಾಳಿನ ಗಾತ್ರದ ಒಂದು ಬೀಜದ ವಿಷಯದಲ್ಲಿ ಆಯಿತು.

ಜನವರಿಯಲ್ಲಿ ಮಗ ಒಂದು ಪ್ಲಾಸ್ಟಿಕ್ ಲೋಟ ತಂದ. ಒದ್ದೆ ಹತ್ತಿ, ಅದರ ನಡುವೆ ಮೊಳಕೆ ಬಂದ ಬೀಜ, ಲೋಟದ ಮೇಲೆ ಯಾರದೋ ಕೈಬರಹದಲ್ಲಿ ಅವನ ಹೆಸರು. ಏನೋ ಇದು ಅಂದರೆ "ಗೊತ್ತಿಲ್ಲ, ಕೊಟ್ರು" ಅಂದ. ಹತ್ತಿ ಯಾಕೆ, ನೀರು ಯಾಕೆ, ಕಿಟಕಿ ಹತ್ತಿರ ಇಟ್ಟಿದ್ದು ಯಾಕೆ, ಯಾವುದೂ ಗೊತ್ತಿಲ್ಲ. ಉಳಿದ ಮಕ್ಕಳು ಬೀಜ ಹಾಕುವಾಗ ಇವನನ್ನು ಇಂಗ್ಲಿಷ್ ಗುಂಪಿಗೆ ಕರೆದುಕೊಂಡು ಹೋಗಿದ್ದರು. ದಿನಾ ಅರ್ಧ ಗಂಟೆ. ಆ ಅರ್ಧ ಗಂಟೆ ವಾರಕ್ಕೆ ಮೂರು ದಿನ ಸರಿಯಾಗಿ ವಿಜ್ಞಾನದ ಹೊತ್ತಿಗೇ ಬೀಳುತ್ತಿತ್ತು. ಅವನ ಬೀಜವನ್ನು ಯಾರೋ ಪಾಪ, ಕರುಣೆಯಿಂದ ನೆಟ್ಟಿದ್ದರು.

ಇದಕ್ಕೆ ಉತ್ತರ ಟೆಕ್ಸಸ್‌ನ ರೇಮಂಡ್‌ವಿಲ್ ಅನ್ನುವ ಊರಿನ ಕೇಸಿನಲ್ಲಿ ಇತ್ತು. ರಾಯ್ ಕಾಸ್ಟನ್ಯೇಡಾ ಅನ್ನುವ ತಂದೆ ತನ್ನ ಮಕ್ಕಳ ಪರವಾಗಿ ಹಾಕಿದ ಕೇಸು. 1981ರಲ್ಲಿ ಐದನೇ ಸರ್ಕ್ಯೂಟ್‌ನ ಮೇಲ್ಮನವಿ ಕೋರ್ಟ್ ಮೂರು ಪ್ರಶ್ನೆ ಕೊಟ್ಟಿತು. ನೀವು ಕಲಿಸುವ ವಿಧಾನಕ್ಕೆ ಒಪ್ಪುವಂಥ ಆಧಾರ ಇದೆಯೇ? ಅದಕ್ಕೆ ಬೇಕಾದ ಟೀಚರ್, ಪುಸ್ತಕ, ಹೊತ್ತು ಕೊಟ್ಟಿದ್ದೀರಾ, ಅಥವಾ ಬರೀ ಕಾಗದದ ಮೇಲಾ? ಸ್ವಲ್ಪ ಕಾಲ ಮಾಡಿದ ಮೇಲೆ ಫಲ ಬಂತಾ, ಬರದಿದ್ದರೆ ಬದಲಿಸಿದಿರಾ? ಕೋರ್ಟ್ ಟೆಕ್ಸಸ್ ಕಡೆಯದಾದರೂ ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಇಲಾಖೆಗಳು ಇಡೀ ದೇಶದ ಶಾಲೆಗಳನ್ನು ಇದೇ ಅಳತೆಗೋಲಿನಿಂದ ಅಳೆಯುತ್ತಾ ಬಂದಿವೆ. ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ಮೊದಲು ಇಂಗ್ಲಿಷ್ ಕಲಿಸಿ, ಆಮೇಲೆ ಉಳಿದ ಪಾಠ ಅಂತ ಶಾಲೆ ತೀರ್ಮಾನ ಮಾಡಬಹುದು. ಆದರೆ ಆ ಹೊತ್ತಿನಲ್ಲಿ ಹಿಂದೆ ಬಿದ್ದ ಪಾಠವನ್ನು ತುಂಬಿಕೊಡುವ ಹೊಣೆಯೂ ಶಾಲೆಯದೇ.

ನಾನು ಟೀಚರ್‌ಗೆ ಇಮೇಲ್ ಬರೆದೆ. ಕೇಸಿನ ಹೆಸರು ಹಾಕಿ ಹೆದರಿಸಲಿಲ್ಲ. ಎರಡೇ ಪ್ರಶ್ನೆ ಕೇಳಿದೆ: ಈ ಅರ್ಧ ಗಂಟೆಯಲ್ಲಿ ಅವನಿಗೆ ತಪ್ಪುತ್ತಿರುವ ಪಾಠ ಯಾವುದು? ಅದನ್ನು ಅವನಿಗೆ ಯಾವಾಗ ಕಲಿಸುತ್ತೀರಿ? ಮೂರು ದಿನ ಉತ್ತರ ಬರಲಿಲ್ಲ. ನಾಲ್ಕನೇ ದಿನ ಬಂತು. ಗುಂಪಿನ ಹೊತ್ತನ್ನು ಬೆಳಗಿನ ಆಟದ ಸಮಯಕ್ಕೆ ಬದಲಿಸಿದ್ದೇವೆ ಅಂತ. ಆ ಟೀಚರ್ ಒಳ್ಳೆಯವರು. ಹಿಂದೆ ಯಾರೂ ಕೇಳಿರಲಿಲ್ಲ, ಅಷ್ಟೇ.

ಫೆಬ್ರವರಿಯಲ್ಲಿ ಶಾಲೆಯಿಂದ ಇನ್ನೊಂದು ಮಾತು ಬಂತು. ಕ್ಲಾಸಿನಲ್ಲಿ ಮಾತು ತೀರಾ ಕಮ್ಮಿ, ಮಾತಿನ ಬೆಳವಣಿಗೆಯಲ್ಲೇ ತೊಂದರೆ ಇರಬಹುದು, ವಿಶೇಷ ಶಿಕ್ಷಣದ ಕಡೆಯಿಂದ ತಪಾಸಣೆ ಮಾಡಿಸೋಣವೇ ಅಂತ. ನಿಜ ಹೇಳಬೇಕೆಂದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಅದೇ ಹುಡುಗ ಅಜ್ಜಿ ಮುಂದೆ ಕೂತು, ಗೋಡೆ ಮೇಲಿನ ಹಲ್ಲಿ ಬಾಲ ಕಳಚಿಕೊಂಡು ಓಡಿದ್ದು, ಆ ಬಾಲ ಒಂದೇ ಕುಣಿದಿದ್ದು, ತಾತ ಅದನ್ನು ಪೊರಕೆಯಲ್ಲಿ ಗುಡಿಸಿದ್ದು, ಒಂದೂ ಬಿಡದೆ ಹೇಳುತ್ತಿದ್ದಾನೆ. ಸುಮ್ಮನೆ ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಒಂಬತ್ತು ನಿಮಿಷ. ಎಲ್ಲೂ ನಿಲ್ಲಿಸಿಲ್ಲ.

ಅದನ್ನು ಮೀಟಿಂಗ್‌ಗೆ ಒಯ್ದು ಹಾಕಿದೆ. ಯಾರಿಗೂ ಒಂದು ಪದ ಅರ್ಥವಾಗಲಿಲ್ಲ. ಮಾತಿನ ತೊಂದರೆ ಇಲ್ಲ ಅಂತ ಮಾತ್ರ ಎಲ್ಲರಿಗೂ ಅರ್ಥವಾಯಿತು. ಹಲ್ಲಿ ಬಾಲ ಕುಣಿಯುವ ಜಾಗಕ್ಕೆ ಬಂದಾಗ ಅವನ ದನಿ ಏರಿದ್ದು ಕೇಳಿ ಸ್ಪೀಚ್ ಥೆರಪಿಸ್ಟ್ ನಕ್ಕರು.

ಇದರ ಹಿಂದೆಯೂ ಕ್ಯಾಲಿಫೋರ್ನಿಯಾದ್ದೇ ಒಂದು ಹಳೆ ಗಾಯ ಇದೆ. ಮಾಂಟೆರೆ ಕೌಂಟಿಯಲ್ಲಿ ಸ್ಪ್ಯಾನಿಷ್ ಮನೆಮಾತಿನ ಒಂಬತ್ತು ಮಕ್ಕಳಿಗೆ ಇಂಗ್ಲಿಷ್‌ನಲ್ಲಿ ಬುದ್ಧಿಮತ್ತೆ ಪರೀಕ್ಷೆ ಇಟ್ಟು, ಮಂದಬುದ್ಧಿಯವರು ಅಂತ ಬೇರೆ ಕ್ಲಾಸಿಗೆ ಹಾಕಿದ್ದರು. ಅವರದೇ ಭಾಷೆಯಲ್ಲಿ ಮತ್ತೆ ಕೇಳಿದಾಗ ಹೆಚ್ಚಿನವರ ಅಂಕ ಎಲ್ಲಿಂದ ಎಲ್ಲಿಗೋ ಏರಿತು. 1970ರ 'ಡಯಾನಾ' ಕೇಸು ಅಂತ ಇದಕ್ಕೆ ಹೆಸರು. ರಾಜ್ಯ ಸರ್ಕಾರ ರಾಜಿ ಮಾಡಿಕೊಂಡು, ಮನೆಮಾತಿನಲ್ಲೂ ಪರೀಕ್ಷೆ ಮಾಡುತ್ತೇವೆ ಅಂತ ಒಪ್ಪಿತು. ಈಗ ಫೆಡರಲ್ ಕಾನೂನಿನಲ್ಲೇ ಇದೆ: ಇಂಗ್ಲಿಷ್ ಬರುವುದಿಲ್ಲ ಅನ್ನುವುದೇ ಮುಖ್ಯ ಕಾರಣವಾಗಿದ್ದರೆ ಮಗುವಿಗೆ ನ್ಯೂನತೆ ಇದೆ ಅಂತ ತೀರ್ಮಾನಿಸುವ ಹಾಗಿಲ್ಲ. ಆದರೆ ಇದರ ಇನ್ನೊಂದು ಮಗ್ಗುಲನ್ನೂ ಹೇಳಿಬಿಡುತ್ತೇನೆ. ನಿಜವಾಗಿ ಸಹಾಯ ಬೇಕಾದ ಮಗುವನ್ನು, ಮೊದಲು ಇಂಗ್ಲಿಷ್ ಕಲಿಯಲಿ ಆಮೇಲೆ ನೋಡೋಣ ಅಂತ ವರ್ಷಗಟ್ಟಲೆ ತಳ್ಳುವುದೂ ತಪ್ಪು. ನನ್ನ ಪರಿಚಯದ ಒಬ್ಬರ ಮಗಳಿಗೆ ಹಾಗೇ ಆಯಿತು. ಅವರು ಕಳೆದುಕೊಂಡಿದ್ದು ಎರಡು ವರ್ಷ.

ಹಾಗಾದರೆ ಇದೆಲ್ಲ ಬೇಡವೇ ಬೇಡ ಅಂತ ಬರೆದುಕೊಟ್ಟರೆ? ಕೊಡಬಹುದು. ವಿಶೇಷ ಪಾಠವನ್ನು ಬೇಡ ಅನ್ನುವ ಹಕ್ಕು ಪೋಷಕರಿಗೆ ಇದೆ. ಆದರೆ ಪಾಠ ಬಿಟ್ಟರೂ ಹೆಸರು ಪಟ್ಟಿಯಲ್ಲೇ ಇರುತ್ತದೆ, ವರ್ಷದ ಪರೀಕ್ಷೆಯೂ ತಪ್ಪುವುದಿಲ್ಲ. ಊಟ ಬೇಡ ಅಂದರೂ ಬಿಲ್ಲು ಬರುವ ಹೋಟೆಲ್ಲಿನ ಹಾಗೆ. ಇಷ್ಟು ಗೊತ್ತಿಲ್ಲದೆ ಬೇಡ ಅಂತ ಸಹಿ ಹಾಕಿದವರು ನಮ್ಮ ಜನರಲ್ಲೇ ಜಾಸ್ತಿ.

ಅತ್ತೆಯ ವಿಷಯ ಹೇಳಲೇಬೇಕು. ಮಧ್ಯಾಹ್ನ ಮಗನನ್ನು ಶಾಲೆಯಿಂದ ಕರೆತರುವವರು ಅವರೇ. ಒಂದು ದಿನ ಶಾಲೆಯವರು ಏನೋ ಹೇಳಲು ಹೋಗಿ, ಅವರಿಗೆ ಅರ್ಥವಾಗದೆ, ಆರನೇ ಕ್ಲಾಸಿನ ಮಗಳನ್ನು ಫೋನಿನಲ್ಲಿ ಹಿಡಿದು ಅವಳ ಕೈಯಲ್ಲಿ ತರ್ಜುಮೆ ಮಾಡಿಸಿದರು. ತಮ್ಮ ಯಾರನ್ನೋ ಕಚ್ಚಿದ್ದ. ಅಕ್ಕ ಅಜ್ಜಿಗೆ ಹೇಳಿದ ತರ್ಜುಮೆಯಲ್ಲಿ ಕಚ್ಚಿದ ಭಾಗವೇ ಇರಲಿಲ್ಲ! ಮಕ್ಕಳ ಕೈಯಲ್ಲಿ ತರ್ಜುಮೆ ಮಾಡಿಸಬಾರದು, ಯೋಗ್ಯರಾದ ದುಭಾಷಿಗಳು ಬೇಕು ಅಂತ ಫೆಡರಲ್ ಇಲಾಖೆಗಳು ಹೇಳಿದ್ದು ಇದಕ್ಕೇ ಇರಬೇಕು. ನೂರಕ್ಕೆ 15ರ ಗೆರೆ ಪತ್ರಗಳಿಗೆ. ಮನೆಯವರಿಗೆ ಅರ್ಥವಾಗುವ ಭಾಷೆಯಲ್ಲಿ ಮುಖ್ಯ ವಿಷಯ ತಿಳಿಸುವ ಹೊಣೆ ನಾಗರಿಕ ಹಕ್ಕು ಕಾಯ್ದೆಯಿಂದ ಬಂದಿದ್ದು, ಅದಕ್ಕೆ ಗೆರೆ ಇಲ್ಲ. ಮುಂದಿನ ಸಲ ನಾನು ಕೇಳಿದೆ, ಫೋನಿನಲ್ಲಿ ಕನ್ನಡದ ದುಭಾಷಿ ಸಿಕ್ಕರು. ಅತ್ತೆ ಶಾಲೆಯ ವಿಷಯ ಎರಡು ನಿಮಿಷ ಕೇಳಿ, "ನಿಮ್ಮ ಕಡೆ ಯಾವೂರಮ್ಮಾ?" ಅಂತ ಶುರು ಮಾಡಿದರು. ಪ್ರಿನ್ಸಿಪಾಲರು ತಾಳ್ಮೆಯಿಂದ ಕಾದರು.

ಹೊರಗೆ ಬರುವ ದಾರಿ ನಿಧಾನ. ಕ್ಯಾಲಿಫೋರ್ನಿಯಾದಲ್ಲಿ ನಾಲ್ಕು ಬಾಗಿಲು ದಾಟಬೇಕು. ಎಲ್‌ಪ್ಯಾಕ್‌ನಲ್ಲಿ ಒಟ್ಟಾರೆ 4ನೇ, ಅಂದರೆ ಎಲ್ಲಕ್ಕಿಂತ ಮೇಲಿನ ಮಟ್ಟ, ಟೀಚರ್ ಅಭಿಪ್ರಾಯ, ಪೋಷಕರ ಅಭಿಪ್ರಾಯ, ಇಂಗ್ಲಿಷ್ ಚೆನ್ನಾಗಿ ಬಲ್ಲ ಅದೇ ವಯಸ್ಸಿನ ಮಕ್ಕಳ ಜೊತೆ ಹೋಲಿಸಿದಾಗ ಓದುಬರಹ ಹೇಗಿದೆ ಅನ್ನುವುದು. ಮಗ ಮೊದಲ ವರ್ಷ 2, ಮುಂದಿನ ವರ್ಷ 3, 2024ರಲ್ಲಿ ಎರಡನೇ ಕ್ಲಾಸಿನಲ್ಲಿ 4. ಮಾತಾಡುವುದರಲ್ಲಿ ಬೇಗ ಏರಿದ, ಬರೆಯುವುದು ತಡವಾಯಿತು. ಆ ಶರತ್ಕಾಲದಲ್ಲಿ ಮೀಟಿಂಗ್‌ಗೆ ಕರೆದರು. ಫಾರಂನಲ್ಲಿ ಪೋಷಕರ ಅಭಿಪ್ರಾಯ ಅಂತ ಎರಡು ಸಾಲಿನ ಡಬ್ಬಿ. ಹೆಚ್ಚಿನವರು ಖಾಲಿ ಬಿಟ್ಟು ಸಹಿ ಹಾಕುತ್ತಾರಂತೆ. ನಾನು, ಅವನು ಈಗ ವಿಜ್ಞಾನದ ಪುಸ್ತಕ ಒಬ್ಬನೇ ಓದುತ್ತಾನೆ, ಆದರೆ ಗಣಿತದ ಮಾತಿನ ಲೆಕ್ಕದಲ್ಲಿ ಒಂದೊಂದು ಪದಕ್ಕೆ ಸಿಕ್ಕಿಹಾಕಿಕೊಳ್ಳುತ್ತಾನೆ, ಅದರ ಮೇಲೆ ಕಣ್ಣಿಡಿ ಅಂತ ಬರೆದೆ. ಹೊರಗೆ ಬಂದ ಮೇಲೂ ನಾಲ್ಕು ವರ್ಷ ಗಮನಿಸುತ್ತಿರಬೇಕು ಅನ್ನುವುದು ನಿಯಮ. ನಾನು ಬರೆದ ಸಾಲು ಅವರಿಗೆ ಗಮನಿಸಲು ಒಂದು ಗುರುತಾಯಿತು.

ಈಗಿನ ಪರಿಸ್ಥಿತಿ ಕೇಳುವವರು ಜಾಸ್ತಿ. 2025ರ ಮಾರ್ಚ್ 1ರಂದು ಇಂಗ್ಲಿಷ್ಷೇ ಅಧಿಕೃತ ಭಾಷೆ ಅಂತ ಅಧ್ಯಕ್ಷರ ಆದೇಶ ಬಂತು. ಆಗಸ್ಟ್‌ನಲ್ಲಿ, ಶಾಲೆಗಳು ಇದನ್ನೆಲ್ಲ ಹೇಗೆ ಪಾಲಿಸಬೇಕು ಅಂತ ವಿವರಿಸುತ್ತಿದ್ದ 2015ರ ಮಾರ್ಗದರ್ಶಿ ಪತ್ರವನ್ನು ವಾಪಸ್ ತೆಗೆದುಕೊಂಡ ಸುದ್ದಿ ಬಂತು. ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ಎಲ್ಲ ಮುಗೀತು ಅಂತ ಒಂದೇ ಗಲಾಟೆ. ಮುಗಿದಿಲ್ಲ. ಪತ್ರ ಹೋಗಿದೆ, 1964ರ ಕಾಯ್ದೆ, 1974ರ ಕಾಯ್ದೆ, ಲಾವ್ ತೀರ್ಪು, 2015ರ ಶಿಕ್ಷಣ ಕಾನೂನು ಎಲ್ಲವೂ ಇವೆ. ರಾಜ್ಯದ ನಿಯಮಗಳೂ ಇವೆ. ಆದರೆ ಮೇಲಿನಿಂದ ಕೇಳುವವರು ಕಮ್ಮಿಯಾದಾಗ ಕೆಳಗಿನಿಂದ ಕೇಳುವವರು ಜಾಸ್ತಿಯಾಗಬೇಕು. ನಾನು ಶಾಲೆಯ ಸಲಹಾ ಸಮಿತಿಯಲ್ಲಿ ಉಳಿದಿರುವುದು ಅದಕ್ಕೇ. ಮಗ ಪಟ್ಟಿಯಿಂದ ಹೊರಗೆ ಬಂದರೂ ಇನ್ನೂ ಹೋಗುತ್ತೇನೆ. ಅಲ್ಲಿ ಸ್ಪ್ಯಾನಿಷ್‌ಗೆ ಒಂದು ಹೆಡ್‌ಸೆಟ್, ಮ್ಯಾಂಡರಿನ್‌ಗೆ ಒಂದು ಹೆಡ್‌ಸೆಟ್, ಕನ್ನಡಕ್ಕೆ ನಾನು.

ಈ ವರ್ಷ ಆಗಸ್ಟ್‌ನಲ್ಲಿ ಆಫೀಸಿನ ಹತ್ತಿರ ಒಬ್ಬ ಹುಡುಗಿ ನಿಂತಿದ್ದಳು. ಸೊಂಟದ ಮೇಲೆ ಒಂದು ಮಗು, ಕೈ ಹಿಡಿದುಕೊಂಡು ಇನ್ನೊಂದು. ದೊಡ್ಡದು "ಅಮ್ಮಾ, ಬಾಯಾರಿಕೆ" ಅಂತು. ತಿರುಗಿ ನೋಡದೆ ಇರಲಾಗಲಿಲ್ಲ. ಅವಳ ಕೈಯಲ್ಲಿ ಅದೇ ಫಾರಂ, ಅದೇ ನಾಲ್ಕು ಪ್ರಶ್ನೆ.

"ಅಕ್ಕಾ, ಇಂಗ್ಲಿಷ್ ಅಂತ ಹಾಕು ಅಂತಾರೆ ಎಲ್ಲರೂ. ಏನು ಬರೀಲಿ?"

"ಮನೇಲಿ ಏನು ಮಾತಾಡ್ತೀರಾ?"

"ಕನ್ನಡವೇ."

"ಹಂಗಾದ್ರೆ ಅದನ್ನೇ ಬರಿ. ಆಮೇಲೆ ವಿಳಾಸ ಸರಿಯಾಗಿದೆಯಾ ಅಂತ ಎರಡು ಸಲ ನೋಡು. ಇವತ್ತು ಎಷ್ಟನೇ ತಾರೀಕು?"

ಅವಳು ಫೋನ್ ತೆಗೆದು ನೋಡಿದಳು. 30 ದಿನ ಎಣಿಸಿ, ಅಲ್ಲೊಂದು ಅಲಾರಂ ಇಡಿಸಿದೆ.